ಗುಳಿಮಂಡಲ ಹಾವುಗಳು: ಹೊಸ ಪ್ರಭೇದದ ಶೋಧನೆ ಮತ್ತು ವಿವರಣೆ

ಪೀಠಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳು ಬಯಲುಸೀಮೆಯ ಪ್ರದೇಶಗಳಾಗಿವೆ. ಇಲ್ಲಿನ ಕಲ್ಲುಗುಡ್ಡ, ಕುರುಚಲು ಕಾಡು, ಒಣಬೇಸಾಯದ ಹೊಲ ಹಾಗೂ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳಲ್ಲಿ ಮಂಡಲ ಜಾತಿಯ ಎರಡು ಹಾವುಗಳು ಕಂಡುಬರುತ್ತವೆ. ಅವು ಕೊಳಕುಮಂಡಲ ಮತ್ತು ಗರಗಸ ಮಂಡಲ. ಇದೇ ಕುಟುಂಬಕ್ಕೆ ಸೇರಿದ ಗುಳಿಮಂಡಲಗಳು ಕರ್ನಾಟಕದಲ್ಲಿ ಮುಖ್ಯವಾಗಿ ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ವಾಸಿಸುತ್ತವೆ. ಹಾವಿನ ಪ್ರಭೇದವನ್ನು ಸರಿಯಾಗಿ ಗುರುತಿಸುವುದು ಜೀವಶಾಸ್ತ್ರಕ್ಕೆ ಮಾತ್ರವಲ್ಲದೆ ಹಾವು ಕಡಿತದ ಚಿಕಿತ್ಸೆಗೂ ಅವಶ್ಯಕವಾಗಿದೆ.

ಗುಳಿಮಂಡಲದ ಲಕ್ಷಣಗಳು

ಗುಳಿಮಂಡಲದ ತಲೆಯ ಎರಡೂ ಬದಿಗಳಲ್ಲಿ, ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ, ಒಂದೊಂದು ಗುಳಿ ಇರುತ್ತದೆ. ಈ ಗುಳಿಯೊಳಗಿನ ತೆಳುವಾದ ಪೊರೆಯು ಶಾಖವನ್ನು ಗ್ರಹಿಸುತ್ತದೆ. ಇದರಿಂದಾಗಿ ಕತ್ತಲೆಯಲ್ಲಿಯೂ ಇಲಿ, ಹಕ್ಕಿ ಮುಂತಾದ ಬಿಸಿರಕ್ತದ ಪ್ರಾಣಿಗಳ ಇರುವಿಕೆ ಹಾವಿಗೆ ತಿಳಿಯುತ್ತದೆ. ಬಯಲುಸೀಮೆಯ ಕೊಳಕುಮಂಡಲ ಹಾಗೂ ಗರಗಸ ಮಂಡಲಗಳಿಗೆ ಈ ಗುಳಿ ಇರುವುದಿಲ್ಲ.

ಹೊಸ ಪ್ರಭೇದವನ್ನು ವಿವರಿಸುವ ಕ್ರಮ

ಹಿಂದೆ ಯಾರೂ ಕಾಣದ ಹಾವು ಕಂಡುಬಂದ ಮಾತ್ರಕ್ಕೆ ಅದು ಹೊಸ ಪ್ರಭೇದವೆನಿಸುವುದಿಲ್ಲ. ಅದಕ್ಕಾಗಿ ಈ ಕೆಳಕಂಡ ಹಂತಗಳನ್ನು ಅನುಸರಿಸಲಾಗುತ್ತದೆ.

1. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನ್ವಯ ಅಗತ್ಯ ಅನುಮತಿಯನ್ನು ಪಡೆದು ಮಾದರಿಯನ್ನು ಸಂಗ್ರಹಿಸುವುದು.

2. ಶರೀರದ ನಡುಭಾಗದ ಹುರುಪೆಗಳ ಸಾಲು, ಹೊಟ್ಟೆಯ ಹಾಗೂ ಬಾಲದ ಅಡಿಯ ಹುರುಪೆಗಳ ಸಂಖ್ಯೆ, ತಲೆಯ ಹುರುಪೆಗಳ ಜೋಡಣೆ ಮತ್ತು ಉದ್ದವನ್ನು ದಾಖಲಿಸುವುದು. ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಮಲಬಾರ್ ಗುಳಿಮಂಡಲ ಎಂಬ ಒಂದೇ ಪ್ರಭೇದದಲ್ಲಿ ಹಸಿರು, ಕಂದು, ಹಳದಿ ಮುಂತಾದ ಬಣ್ಣದ ಹಾವುಗಳಿವೆ.

3. ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಮಾದರಿಗಳೊಂದಿಗೆ ಹೋಲಿಸುವುದು ಹಾಗೂ ವಂಶವಾಹಿಗಳನ್ನು ಪರೀಕ್ಷಿಸುವುದು.

4. ಒಂದು ಮಾದರಿಯನ್ನು ಹೆಸರಿನ ಆಧಾರ ಮಾದರಿಯೆಂದು ಘೋಷಿಸಿ, ಮುಂದಿನ ಸಂಶೋಧಕರಿಗೆ ದೊರೆಯುವಂತೆ ಸಂಗ್ರಹಾಲಯದಲ್ಲಿ ಕಾಯ್ದಿರಿಸುವುದು.

5. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮಗಳಂತೆ ಹೆಸರಿಟ್ಟು, ಪೂರ್ಣ ವಿವರಣೆಯನ್ನು ಪ್ರಕಟಿಸುವುದು.

ಪಶ್ಚಿಮ ಘಟ್ಟದ ಉದಾಹರಣೆ

ಮಲಬಾರ್ ಗುಳಿಮಂಡಲವನ್ನು ಥಾಮಸ್ ಜೆರ್ಡನ್ 1854ರಲ್ಲಿ ವಿವರಿಸಿದರು. ಆನೆಮಲೆ ಬೆಟ್ಟಗಳ ಹಾವನ್ನು ಆಲ್ಬರ್ಟ್ ಗುಂಥರ್ 1864ರಲ್ಲಿ ಬೇರೆ ಪ್ರಭೇದವೆಂದು ಹೆಸರಿಸಿದರು. ಆದರೆ ಎರಡೂ ಹಾವುಗಳು ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವುದರಿಂದ ನಂತರದ ಕಾಲದಲ್ಲಿ ಇವುಗಳನ್ನು ಒಂದೇ ಪ್ರಭೇದವೆಂದು ಪರಿಗಣಿಸಲಾಗಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇತರ ಸಂಸ್ಥೆಗಳ ತಜ್ಞರೊಡಗೂಡಿ ಪರ್ಯಾಯ ದ್ವೀಪದ ಗುಳಿಮಂಡಲಗಳ ದೇಹರಚನೆ, ವಂಶವಾಹಿ ಹಾಗೂ ವಾಸಪ್ರದೇಶಗಳನ್ನು ಒಟ್ಟಾಗಿ ಪರಿಶೀಲಿಸಿ, 2021ರಲ್ಲಿ ವರದಿಯನ್ನು ಪ್ರಕಟಿಸಿದರು. ಪಾಲ್ಘಾಟ್ ಕಣಿವೆಯ ಉತ್ತರಕ್ಕಿರುವ ಹಾವುಗಳು ಮತ್ತು ದಕ್ಷಿಣಕ್ಕಿರುವ ಹಾವುಗಳು ಬೇರೆ ಬೇರೆ ಪ್ರಭೇದಗಳೆಂದು ಇದರಿಂದ ತಿಳಿದುಬಂದಿತು. ಗುಂಥರ್ ನೀಡಿದ್ದ ಹೆಸರು ಪುನಃ ಬಳಕೆಗೆ ಬಂದಿತು. ಜೊತೆಗೆ ದಕ್ಷಿಣದ ಬೆಟ್ಟಗಳಿಂದ ಕ್ರಾಸ್ಪೆಡೊಸೆಫಾಲಸ್ ತ್ರಾವಂಕೋರಿಕಸ್ ಹಾಗೂ ಕ್ರಾಸ್ಪೆಡೊಸೆಫಾಲಸ್ ಪೆಲ್ಟೊಪೆಲಾರ್ ಎಂಬ ಎರಡು ಹೊಸ ಪ್ರಭೇದಗಳನ್ನು ವಿವರಿಸಲಾಯಿತು. ಬೆಟ್ಟಗಳ ನಡುವಿನ ತಗ್ಗಾದ ಕಣಿವೆಯು ತಂಪು ಕಾಡಿನ ಜೀವಿಗಳಿಗೆ ಗೋಡೆಯಂತೆ ಅಡ್ಡಬಂದು, ದೀರ್ಘಕಾಲದಲ್ಲಿ ಅವುಗಳನ್ನು ಬೇರೆ ಪ್ರಭೇದಗಳಾಗಿಸಬಲ್ಲದು.

ಸರಿಯಾದ ಹೆಸರಿನ ಮಹತ್ವ

ಭಾರತದಲ್ಲಿ ದೊರೆಯುವ ಸಾಮಾನ್ಯ ಹಾವಿನ ವಿಷಪ್ರತಿರೋಧಕ ಔಷಧವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸಲಾಗುತ್ತದೆ. ಗುಳಿಮಂಡಲಗಳ ವಿಷ ಇದರಲ್ಲಿ ಸೇರಿರುವುದಿಲ್ಲ.

ಇದರ ಪರಿಣಾಮವು ಕೇರಳದಲ್ಲಿ ಕಂಡುಬಂದಿದೆ. ಮೂತಿಯ ತುದಿ ಮೇಲಕ್ಕೆ ಉಬ್ಬಿರುವ ಒಂದು ಚಿಕ್ಕ ಗುಳಿಮಂಡಲದ ಕಡಿತದಿಂದ ಮೂತ್ರಪಿಂಡ ವೈಫಲ್ಯ ಮತ್ತು ಮರಣ ಸಂಭವಿಸಬಹುದೆಂದು 2007ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯು ತಿಳಿಸಿತು. ಈ ಹಾವನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿದ ಪ್ರಕರಣಗಳೂ ಇದ್ದವು. ಅಂತಹ ರೋಗಿಗಳಿಗೆ ನೀಡಿದ ವಿಷಪ್ರತಿರೋಧಕವು ಫಲಕಾರಿಯಾಗಲಿಲ್ಲ. ಹೀಗೆ ಹೆಸರಿನ ತಪ್ಪು ಚಿಕಿತ್ಸೆಯ ತಪ್ಪಾಗಿ ಪರಿಣಮಿಸಬಹುದು. ಯಾವ ಪ್ರದೇಶದಲ್ಲಿ ಯಾವ ಪ್ರಭೇದವಿದೆ ಎಂಬ ಖಚಿತ ಮಾಹಿತಿಯು ಮುಂದೆ ಸೂಕ್ತ ಔಷಧಗಳನ್ನು ಸಿದ್ಧಪಡಿಸಲು ಮೊದಲ ಆಧಾರವಾಗಿದೆ.

ಹಾವು ಕಡಿತದಿಂದ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಮೃತಪಟ್ಟಿದ್ದಾರೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಸಾರ್ವಜನಿಕರ ಗಮನಕ್ಕೆ

• ಅಪರಿಚಿತ ಹಾವು ಕಂಡಲ್ಲಿ ಕೊಲ್ಲದೆ, ಹಿಡಿಯಲು ಯತ್ನಿಸದೆ ಅರಣ್ಯ ಇಲಾಖೆಗೆ ತಿಳಿಸುವುದು. ಸುರಕ್ಷಿತ ದೂರದಿಂದ ತೆಗೆದ ಛಾಯಾಚಿತ್ರವು ಗುರುತಿಸಲು ಸಹಾಯಕವಾಗುತ್ತದೆ.

• ಹೊಲಗದ್ದೆಗಳಲ್ಲಿ ಕೆಲಸ ಮಾಡುವಾಗ ಪಾದರಕ್ಷೆ ಧರಿಸುವುದು. ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ ಕೊಂಡೊಯ್ಯುವುದು. ಕಲ್ಲು, ಸೊಪ್ಪೆಯ ಬಣವೆಗಳೊಳಗೆ ನೋಡದೆ ಕೈ ಹಾಕಬಾರದು.

• ಹಾವು ಕಡಿದಲ್ಲಿ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಡಿತಕ್ಕೊಳಗಾದ ಅಂಗವನ್ನು ಅಲುಗಾಡಿಸದೆ, 108 ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಸೇರಿಸುವುದು. ಹಾವನ್ನು ಹುಡುಕುತ್ತ ಸಮಯ ಕಳೆಯಬಾರದು. ವೈದ್ಯರು ರೋಗಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ಆರಂಭಿಸುತ್ತಾರೆ.