ಮೂವತ್ತಕ್ಕೆ ತೆರೆದ ಬಾಗಿಲು

ಫುಟ್‌ಬಾಲ್ ಮೈದಾನದಲ್ಲಿ ಅರಾಟಾ ಇಝುಮಿ ಎಂದೇ ಹೆಸರಾದ ಮಿಡ್‌ಫೀಲ್ಡರ್ ಭಾರತದ ಪೌರರಾದಾಗ ಪಡೆದ ಹೆಸರು ನೀಲಕಂಠ ಖಂಬೋಲ್ಜಾ. ತಾಯಿ ಜಪಾನಿನವರು, ತಂದೆ ಗುಜರಾತಿ ಮೂಲದವರು. 1982ರಲ್ಲಿ ಜಪಾನಿನಲ್ಲಿ ಹುಟ್ಟಿದ ಅರಾಟಾ 2006ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಮುಂದೆ ಮುಂಬಯಿಯ ಮಹೀಂದ್ರ ಯುನೈಟೆಡ್, ಆಮೇಲೆ ಪುಣೆ ಎಫ್‌ಸಿ. ಇಷ್ಟು ವರ್ಷ ಇಲ್ಲಿನ ಲೀಗುಗಳಲ್ಲೇ ಬೆವರು ಹರಿಸಿದರೂ ಕಾಗದದ ಮೇಲೆ ಅವರು ವಿದೇಶಿಯೇ. 2012ರಲ್ಲಿ ಜಪಾನಿನ ಪೌರತ್ವ ಬಿಟ್ಟುಕೊಟ್ಟು, 2013ರಲ್ಲಿ ಭಾರತದ ಪರ ಕಣಕ್ಕಿಳಿಯುವ ಹೊತ್ತಿಗೆ ಅವರಿಗೆ ಮೂವತ್ತು ತುಂಬಿತ್ತು. ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಮಿಶ್ರ ಮೂಲದ ಆಟಗಾರನ ಅಂತರರಾಷ್ಟ್ರೀಯ ವೃತ್ತಿಬದುಕು ಎಷ್ಟು ಉದ್ದ ಎಂಬುದನ್ನು ಅವನ ಕಾಲಿನ ಕಸುವಿಗಿಂತ ಮೊದಲು ಪೌರತ್ವದ ಕಾನೂನೇ ತೀರ್ಮಾನಿಸುತ್ತದೆ ಎಂಬುದಕ್ಕೆ ಅರಾಟಾ ಒಳ್ಳೆಯ ನಿದರ್ಶನ.

ಭಾರತದ ಸಂವಿಧಾನ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡು ಹೆಚ್ಚುಕಡಿಮೆ ಆಜೀವ ವೀಸಾ ಅಷ್ಟೆ. ಭಾರತದ ಪಾಸ್‌ಪೋರ್ಟ್ ಇಲ್ಲದವರು ರಾಷ್ಟ್ರೀಯ ತಂಡಗಳಲ್ಲಿ ಆಡುವಂತಿಲ್ಲ ಎಂದು ಕ್ರೀಡಾ ಸಚಿವಾಲಯ 2008ರಲ್ಲಿ ಕಟ್ಟಪ್ಪಣೆ ಮಾಡಿತು. ಪಕ್ಕದ ಬಾಂಗ್ಲಾದೇಶದ ದಾರಿ ಬೇರೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ಸಿಟಿಯಲ್ಲಿ ಬೆಳೆದ ಹಮ್ಜಾ ಚೌಧುರಿಯ ತಾಯಿ ಬಾಂಗ್ಲಾ ಮೂಲದವರು, ತಂದೆ ಕೆರಿಬಿಯನ್‌ನ ಗ್ರೆನಡಾದವರು. ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡಕ್ಕೆ ಆಡಿದ್ದ ಅವರು ಬ್ರಿಟಿಷ್ ಪೌರತ್ವ ಬಿಡದೆಯೇ ಬಾಂಗ್ಲಾ ಪಾಸ್‌ಪೋರ್ಟ್ ಪಡೆದರು. 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಭಾರತದ ವಿರುದ್ಧವೇ ಅವರ ಮೊದಲ ಪಂದ್ಯ. ನಿವೃತ್ತಿಯಿಂದ ಮರಳಿದ್ದ ಭಾರತದ ಸ್ಟ್ರೈಕರ್ ಸುನಿಲ್ ಛೆಟ್ರಿ ಎದುರಿಗಿದ್ದರೂ ಭಾರತಕ್ಕೆ ಗೋಲು ದಕ್ಕಲಿಲ್ಲ. ಪಂದ್ಯ 0-0 ಆಯಿತು. ಆಗ ಹಮ್ಜಾಗೆ ಇಪ್ಪತ್ತೇಳು, ಆಟ ಕಸುವಿನಲ್ಲಿರುವ ವಯಸ್ಸು.

ದೇಶಕ್ಕೆ ಆಡುವವನು ದೇಶದವನೇ ಆಗಿರಬೇಕು, ತ್ಯಾಗವೇ ನಿಷ್ಠೆಯ ಗುರುತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಫಿಫಾ ಕೂಡ ಪೌರತ್ವ ಕೇಳುತ್ತದೆ. ಸಚಿವಾಲಯ ತನ್ನ 2008ರ ಅಪ್ಪಣೆಯನ್ನು ಹಿಂತೆಗೆದುಕೊಂಡ ಮಾತ್ರಕ್ಕೆ ಓಸಿಐ ಕಾರ್ಡು ಪಾಸ್‌ಪೋರ್ಟ್ ಆಗುವುದಿಲ್ಲ. ಆದರೆ ಈ ತ್ಯಾಗದ ಬೆಲೆ ಎಲ್ಲ ವಯಸ್ಸಿನಲ್ಲೂ ಒಂದೇ ಅಲ್ಲ. ಇಪ್ಪತ್ತರ ಹುಡುಗ ಯುರೋಪಿನ ಪಾಸ್‌ಪೋರ್ಟ್ ಕೈಬಿಟ್ಟರೆ ಅಲ್ಲಿನ ಕ್ಲಬ್ಬುಗಳಲ್ಲಿ ಕೆಲಸದ ಪರವಾನಗಿಗೆ ಅಲೆಯಬೇಕಾಗುತ್ತದೆ. ಮೂವತ್ತು ದಾಟಿದವನಿಗೆ ಕಳೆದುಕೊಳ್ಳಲು ಅಷ್ಟೇನೂ ಉಳಿದಿರುವುದಿಲ್ಲ. ಬೆಂಗಳೂರು ಎಫ್‌ಸಿಯ ವಿಂಗರ್ ರಯಾನ್ ವಿಲಿಯಮ್ಸ್ ಅವರನ್ನೇ ನೋಡಿ. ತಾಯಿಯ ಕಡೆಯಿಂದ ಆಂಗ್ಲೋ-ಇಂಡಿಯನ್. ಅವರು ಆಸ್ಟ್ರೇಲಿಯಾದ ಪೌರತ್ವ ಬಿಟ್ಟದ್ದು 2025ರಲ್ಲಿ, ಮೂವತ್ತು ದಾಟಿದ ಮೇಲೆಯೇ.

ಹೊರಗಿನವರನ್ನು ತಂದರೆ ಊರ ಹುಡುಗರ ಅವಕಾಶ ತಪ್ಪುತ್ತದೆ, ಒಬ್ಬ ಮಿಡ್‌ಫೀಲ್ಡರ್‌ನಿಂದ ತಂಡ ಬದಲಾಗದು ಎಂಬುದು ಇನ್ನೊಂದು ವಾದ. ಇದರ ಎರಡನೆಯ ಭಾಗ ನಿಜ: ಮಕ್ಕಳ ಅಕಾಡೆಮಿ, ಜಿಲ್ಲಾ ಲೀಗುಗಳಿಗೆ ಯಾವ ಪಾಸ್‌ಪೋರ್ಟೂ ಬದಲಿಯಲ್ಲ. ಮೊದಲ ಭಾಗ ಮಾತ್ರ ಅರಾಟಾ ವಿಷಯದಲ್ಲಿ ನಿಲ್ಲುವುದಿಲ್ಲ. ಅವರು ಇಲ್ಲಿನ ಲೀಗುಗಳಲ್ಲೇ ಊರ ಹುಡುಗರ ಜೊತೆ ಪೈಪೋಟಿ ನಡೆಸಿ ಜಾಗ ಗಳಿಸಿದವರು. ಇಬ್ಬಗೆಯ ಪೌರತ್ವ ಬೇಡವೆನ್ನಲು ದೇಶಕ್ಕೆ ತನ್ನದೇ ಕಾರಣಗಳಿರಬಹುದು. ಆದರೆ ಈ ನಿಯಮ ನಿಷ್ಠಾವಂತರನ್ನು ಆರಿಸಿ ಕೊಡುತ್ತದೆ ಎಂದು ನಂಬುವುದು ಬೇಡ. ಅದು ಆರಿಸುವುದು ಹೆಚ್ಚಾಗಿ ಬೇರೆಡೆಯ ಆಟ ಮುಗಿಯುತ್ತ ಬಂದವರನ್ನು.