ಅಲ್ಜೈಮರ್ ರೋಗದಲ್ಲಿ ಉರಿಯೂತ: ಒಂದು ವಿಚಾರದ ಚರಿತ್ರೆ

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ 1901ನೆಯ ಇಸವಿಯಲ್ಲಿ ಔಗುಸ್ಟೆ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಿದರು. ತನ್ನ ಹೆಸರನ್ನು ಪೂರ್ತಿಯಾಗಿ ಬರೆಯುವುದಕ್ಕೂ ಆಕೆಗೆ ನೆನಪು ಸಾಲದಾಗಿದ್ದಿತು. 1906ರಲ್ಲಿ ಆಕೆ ಮೃತಳಾದ ತರುವಾಯ ವೈದ್ಯನಾದ ಅಲೋಯಿಸ್ ಅಲ್ಜೈಮರನು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ನರಕೋಶಗಳೊಳಗಣ ತಂತುಗಳ ಗೋಜಲನ್ನೂ ಕೋಶಗಳ ನಡುವೆ ನೆಲಸಿದ್ದ ವಿಲಕ್ಷಣ ದ್ರವ್ಯದ ಚುಕ್ಕೆಗಳನ್ನೂ ವರ್ಣಿಸಿದನು. ಇವೆರಡು ಸರ್ವವಿದಿತವಾದುವು. ಆದರೆ 1907ರ ಅದೇ ಲೇಖನದಲ್ಲಿ ಮೂರನೆಯ ಮಾತೊಂದುಂಟು: ನರಕೋಶಗಳಿಗೆ ಆಸರೆಯಾದ ಗ್ಲಿಯಾ ಎಂಬ ಕೋಶಗಳೂ ವಿಕಾರಗೊಂಡು, ಅವುಗಳಲ್ಲಿ ಅನೇಕವು ಮೇದಸ್ಸಿನಿಂದ ತುಂಬಿದ್ದುವು. ಈ ಮಾತನ್ನು ಬಹುಕಾಲ ಹೆಚ್ಚಿನವರು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಅದಕ್ಕೆ ಕಾರಣವಿಲ್ಲದೆ ಇಲ್ಲ. ರೋಮಿನ ಕೆಲ್ಸಸನು ಕ್ರಿ. ಶ. ಮೊದಲನೆಯ ಶತಮಾನದಲ್ಲಿಯೇ ಉರಿಯೂತಕ್ಕೆ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣಗಳನ್ನು ಹೇಳಿದ್ದನು. (ಕನ್ನಡದ ಶಬ್ದವು ಇವುಗಳಲ್ಲಿ ಎರಡನ್ನೇ ಹಿಡಿದಿರುವುದು.) ಈ ರೋಗದಲ್ಲಿ ಮಿದುಳು ಊದಿಕೊಳ್ಳುವುದಕ್ಕೆ ಬದಲಾಗಿ ಕುಗ್ಗುತ್ತದೆ. ಲಕ್ಷಣವಿಲ್ಲದೆಡೆಯಲ್ಲಿ ಲಕ್ಷ್ಯವನ್ನು ಅರಸುವವರಾರು?

1919ರಲ್ಲಿ ಸ್ಪೇನ್ ದೇಶದ ಪಿಯೋ ದೆಲ್ ರಿಯೋ ಓರ್ತೆಗಾ ಎಂಬಾತನು ಮೈಕ್ರೋಗ್ಲಿಯಾ ಎಂಬ ಕಿರುಕೋಶಗಳನ್ನು ಬೇರೆಯಾಗಿ ಗುರುತಿಸಿದನು. ಮಿದುಳಿನ ಕಾವಲೂ ಕಸ ತೆಗೆಯುವುದೂ ಇವುಗಳ ಕಾರ್ಯ. 1980ರ ದಶಕದಲ್ಲಿ ಕೆನಡದ ಮೆಕ್‌ಗೀರ್ ದಂಪತಿಗಳೂ ಅವರ ಸಂಗಡಿಗರೂ, ರೋಗಿಗಳ ಮಿದುಳಿನಲ್ಲಿ ಈ ಕೋಶಗಳು ಕೆರಳಿರುವುದನ್ನು ತೋರಿಸಿದರು. ಸಂಧಿವಾತದ ರೋಗಿಗಳಲ್ಲಿ ಅಲ್ಜೈಮರ್ ರೋಗವು ವಿರಳವೆಂದೂ, ಅವರು ವರ್ಷಗಟ್ಟಲೆ ಸೇವಿಸುವ ಉರಿಯೂತಶಾಮಕ ಔಷಧಗಳೇ ಅದಕ್ಕೆ ಕಾರಣವಾಗಿರಬಹುದೆಂದೂ 1990ರಲ್ಲಿ ಸೂಚಿಸಿದರು. 2001ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ 6989 ಮಂದಿಯ ಮೇಲೆ ನಡೆದ ಅವಲೋಕನವು, ಎರಡು ವರ್ಷಕ್ಕೆ ಕಡಮೆಯಿಲ್ಲದೆ ಆ ಔಷಧಗಳನ್ನು ಸೇವಿಸಿದವರಿಗೆ ರೋಗಭಯವು ಐದರಲ್ಲಿ ಒಂದು ಪಾಲೆಂದು ಹೇಳಿತು.

ಇಂತಹ ಅನುಮಾನದಲ್ಲಿ ತಾರ್ಕಿಕರು ಉಪಾಧಿಯನ್ನು ಹುಡುಕುವರು. ಸ್ಮೃತಿ ಕುಂದತೊಡಗಿದವನು ಕೀಲುನೋವನ್ನು ಹೇಳಿಕೊಳ್ಳುವುದೂ ಕಡಮೆ, ಮದ್ದು ಪಡೆಯುವುದೂ ಕಡಮೆ. ಹಾಗಿದ್ದರೆ ಮದ್ದು ರೋಗವನ್ನು ತಡೆದಿತೋ, ರೋಗವು ಮದ್ದನ್ನು ತಡೆದಿತೋ? ಪ್ರಯೋಗಗಳು ಈ ಶಂಕೆಯನ್ನು ಬಲಪಡಿಸಿದುವು. 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗಿಗಳಿಗೆ ಒಂದು ವರ್ಷ ನ್ಯಾಪ್ರಾಕ್ಸೆನ್ ಅಥವಾ ರೋಫೆಕಾಕ್ಸಿಬ್ ಕೊಟ್ಟರೂ ಫಲ ದೊರೆಯಲಿಲ್ಲ. ರೋಗ ಬರುವ ಮುನ್ನವೇ ಕೊಟ್ಟು ನೋಡುವುದಕ್ಕಾಗಿ ಅಮೆರಿಕದಲ್ಲಿ 2528 ವೃದ್ಧರನ್ನು ಸೇರಿಸಿ ತೊಡಗಿದ ಪರೀಕ್ಷೆಯು, ಹೃದಯಕ್ಕೆ ಅಪಾಯವಾದೀತೆಂಬ ಭಯದಿಂದ 2004ರ ಡಿಸೆಂಬರಿನಲ್ಲಿ ನಿಂತಿತು. ಮುಂದಿನ ವರ್ಷಗಳ ಲೆಕ್ಕದಲ್ಲಿಯೂ ರಕ್ಷಣೆ ಕಾಣಲಿಲ್ಲ.

ವಿಚಾರವು ಅಲ್ಲಿಗೆ ಅಳಿಯಲಿಲ್ಲ, ತಿರುಗಿತು. ಟ್ರೆಮ್ 2 ಎಂಬ ಜೀನು ಮಿದುಳಿನಲ್ಲಿ ಮುಖ್ಯವಾಗಿ ಮೈಕ್ರೋಗ್ಲಿಯಾದಲ್ಲಿಯೇ ಕೆಲಸ ಮಾಡತಕ್ಕದ್ದು. ಅದರ ಒಂದು ವಿರಳ ಭೇದವುಳ್ಳವರಿಗೆ ರೋಗಭಯವು ಸುಮಾರು ಮೂರು ಪಟ್ಟೆಂದು 2013ರಲ್ಲಿ ಪ್ರಕಟವಾಯಿತು. ಈ ಭೇದವು ಕಾವಲುಗಾರನನ್ನು ಕೆರಳಿಸುವುದಲ್ಲ, ದುರ್ಬಲಗೊಳಿಸುವುದು. ಆಗ ಆ ಕೋಶಗಳು ಚುಕ್ಕೆಗಳನ್ನು ಸುತ್ತುಗಟ್ಟಲಾರವು. ಅಂತೆಯೇ ಶಮನಕ್ಕೆ ಬದಲು ಉತ್ತೇಜನವೇ ಚಿಕಿತ್ಸೆಯೆಂದು ಕೆಲವರು ಹೊರಟರು. ಟ್ರೆಮ್ 2 ಅನ್ನು ಎಚ್ಚರಿಸಲು ರಚಿಸಿದ ಒಂದು ಪ್ರತಿಕಾಯವು ರೋಗದ ಗತಿಯನ್ನು ನಿಧಾನಗೊಳಿಸಲಿಲ್ಲವೆಂದು 2024ರ ನವೆಂಬರಿನಲ್ಲಿ ತಿಳಿದುಬಂದಿತು.