ಲಡಾಖಿನ ನೀರು: ಭೂಗೋಳ ಮತ್ತು ಗ್ರಾಮವ್ಯವಸ್ಥೆ

ನೈಋತ್ಯ ಮಾನ್ಸೂನಿನ ಮೋಡಗಳನ್ನು ಹಿಮಾಲಯದ ಮುಖ್ಯ ಶ್ರೇಣಿಯು ತನ್ನ ದಕ್ಷಿಣದ ಮಗ್ಗುಲಲ್ಲಿಯೇ ತಡೆಯುತ್ತದೆ. ಅದರ ಆಚೆಗಿನ ಲಡಾಖ್ ಮಳೆನೆರಳಿನ ಶೀತ ಮರುಭೂಮಿ. ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ ಮತ್ತು ಹಿಮ ಸೇರಿ ಸುಮಾರು 100 ಮಿಲಿಮೀಟರ್ ಮಾತ್ರ. ಸಿಂಧೂನದಿ ಈ ನಾಡಿನ ನಡುವೆಯೇ ಹರಿಯುತ್ತದೆ. ಆದರೆ ಬಹುಪಾಲು ಗ್ರಾಮಗಳ ಹೊಲಗಳು ನದಿಯ ಪಾತ್ರಕ್ಕಿಂತ ಮೇಲೆ, ಪಕ್ಕದ ಕಣಿವೆಗಳ ತೊರೆಗಳು ತಂದು ಹರಡಿದ ಮೆಕ್ಕಲು ಭೂಮಿಯಲ್ಲಿವೆ. ಆದ್ದರಿಂದ ಇಲ್ಲಿನ ಒಕ್ಕಲುತನ ನಂಬಿರುವುದು ಮಹಾನದಿಯನ್ನಲ್ಲ, ಹಿಮ ಕರಗಿ ಇಳಿಯುವ ಸಣ್ಣ ತೊರೆಗಳನ್ನು. ತೊರೆಯ ಗಾತ್ರವೇ ಊರಿನ ಗಾತ್ರವನ್ನು ನಿರ್ಣಯಿಸುತ್ತ ಬಂದಿದೆ.

ಕೊರತೆ ನೀರಿನ ಪ್ರಮಾಣದ್ದಷ್ಟೇ ಅಲ್ಲ, ಕಾಲದ್ದೂ ಹೌದು. ಬಾರ್ಲಿ, ಗೋಧಿ, ಬಟಾಣಿಗಳ ಬಿತ್ತನೆ ಏಪ್ರಿಲ್-ಮೇ ತಿಂಗಳಲ್ಲಿ ಆಗಬೇಕು. ಎತ್ತರದ ಹಿಮನದಿಗಳು ಚೆನ್ನಾಗಿ ಕರಗತೊಡಗುವುದು ಜೂನ್‌ನಲ್ಲಿ. ಬಿತ್ತನೆ ತಡವಾದರೆ, ಕಾಳು ಬಲಿಯುವ ಮೊದಲೇ ಚಳಿ ಮರಳುತ್ತದೆ. ಹೀಗಾಗಿ ವಸಂತದ ಮೊದಲ ನೀರನ್ನು ಹಂಚಿಕೊಳ್ಳುವ ಕ್ರಮವೇ ಗ್ರಾಮಜೀವನದ ಆಧಾರವಾಯಿತು. ತೊರೆಯಿಂದ ಹೊಲಕ್ಕೆ ನೀರು ತರುವ ಕಾಲುವೆಗೆ ‘ಯೂರಾ’ ಎಂದೂ, ರಾತ್ರಿ ಹರಿದ ನೀರನ್ನು ಹಗಲಿನ ಬಳಕೆಗೆ ತುಂಬಿಡುವ ಕೊಳಕ್ಕೆ ‘ಝಿಂಗ್’ ಎಂದೂ ಹೆಸರು. ಸರದಿಯಂತೆ ನೀರು ಬಿಡುವವನು ‘ಚುರ್‌ಪೊನ್’. ನೀರಿನ ಒಡೆಯ ಎಂದು ಈ ಪದದ ಅರ್ಥ. ನಮ್ಮ ಕೆರೆಗಳ ನೀರುಗಂಟಿಯನ್ನು ನೆನಪಿಸುವ ಈತನನ್ನು ಊರವರೇ ನೇಮಿಸುತ್ತಾರೆ. ಎಷ್ಟೋ ಊರುಗಳಲ್ಲಿ ಈ ಹೊಣೆ ಮನೆಯಿಂದ ಮನೆಗೆ ಸರದಿಯಾಗಿ ಸಾಗುತ್ತದೆ. ಹೆಸರಿಗೆ ಒಡೆಯನಾದರೂ ಅವನು ಊರಿನ ಕಟ್ಟಳೆಗೆ ಬದ್ಧ.

1974ರಲ್ಲಿ ಲಡಾಖ್ ಪ್ರವಾಸಿಗರಿಗೆ ತೆರೆದುಕೊಂಡ ಬಳಿಕ ಲೇಹ್ ಪಟ್ಟಣದ ನೀರಿನ ಬೇಡಿಕೆ ಹೆಚ್ಚಿತು, ಕೊಳವೆಬಾವಿಗಳು ಬಂದವು. ಹಿಮನದಿಗಳು ಹಿಂದೆ ಸರಿಯುತ್ತಿವೆ. ಇದಕ್ಕೆ ಪರಿಹಾರವಾಗಿ ಇಂಜಿನಿಯರ್ ಛೆವಾಂಗ್ ನಾರ್ಫೆಲ್ ಅವರು 1980ರ ದಶಕದ ಕೊನೆಯಿಂದ ಕೃತಕ ಹಿಮನದಿಗಳನ್ನು ರೂಪಿಸಿದರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ನೀರನ್ನು ಊರಿಗೆ ಸಮೀಪದ ನೆರಳಿನ ತಗ್ಗುಗಳಲ್ಲಿ ಹೆಪ್ಪುಗಟ್ಟಿಸುವ ವಿಧಾನವಿದು. ಕಡಿಮೆ ಎತ್ತರದಲ್ಲಿರುವ ಈ ಹಿಮ ಬಿತ್ತನೆಯ ವೇಳೆಗೇ ಕರಗುತ್ತದೆ. ಸೋನಮ್ ವಾಂಗ್‌ಚುಕ್ ಅವರ ಹಿಮಸ್ತೂಪವೂ ಇದೇ ತತ್ತ್ವದ ಮುಂದುವರಿಕೆ.

ಈ ಪ್ರಯತ್ನಗಳು ನೀರು ಒದಗುವ ಕಾಲವನ್ನು ಸರಿಪಡಿಸಬಲ್ಲವು. ಆದರೆ ಪ್ರತಿ ವಸಂತದಲ್ಲಿ ಕಾಲುವೆಯ ಹೂಳೆತ್ತಲು, ಸರದಿಯನ್ನು ಕಾಯಲು ಊರಿನಲ್ಲಿ ಜನ ಇರಬೇಕು. ದುಡಿಮೆಯ ಕೈಗಳು ಪಟ್ಟಣಕ್ಕೂ ಸೈನ್ಯಕ್ಕೂ ಹೋಗುತ್ತಿರುವ ಇಂದು, ಚುರ್‌ಪೊನ್ ಇಲ್ಲದ ಊರಿನಲ್ಲಿ ಹಿಮ ಉಳಿದರೂ ಹೊಲ ಉಳಿಯುವುದು ಕಷ್ಟ.